ಎರಡನೇ ಗೇರ್ ಮತ್ತು ನೈಂಟಿ ಆಯಿಲ್: ನನ್ನ ಅನುಭವ

ದಾವಣಗೆರೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ‘ಗೇರ್ ಆಯಿಲ್ ಕೊಡಿ’ ಅಂದರೆ ಸಾಮಾನ್ಯವಾಗಿ ಕೌಂಟರ್ ಮೇಲೆ ಬರೋದು ನೈಂಟಿ, ಅಂದರೆ 90 ನಂಬರಿನ ದಪ್ಪ ಆಯಿಲ್. ಇದು ಲಾರಿ, ಟ್ರ್ಯಾಕ್ಟರ್‌ಗಳ ಊರು. ಪಿ.ಬಿ. ರಸ್ತೆಯಲ್ಲಿ ಓಡಾಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಆ ಗಾಡಿಗಳ ಲೆಕ್ಕವೇ ಕಾರಿಗೂ ಬಂದುಬಿಟ್ಟಿದೆ. ಆಯಿಲ್ ದಪ್ಪ ಇದ್ದಷ್ಟೂ ಗೇರಿಗೆ ಒಳ್ಳೇದು, ಸದ್ದು ಬರಲ್ಲ, ಬೇಗ ಸವೆಯಲ್ಲ ಅಂತ ಬಹಳ ಜನ ನಂಬಿದ್ದಾರೆ. ಇವತ್ತಿನ ಸಣ್ಣ ಕಾರುಗಳ ಮ್ಯಾನುಯಲ್ ಗೇರ್‌ಬಾಕ್ಸ್‌ಗೆ ಈ ಲೆಕ್ಕ ಹೊಂದೋದಿಲ್ಲ. ನನ್ನ ಕಾರಿನ ಆಯಿಲ್ ನಾನೇ ಬದಲಿಸಿದ್ದು ಹೇಗೆ, ಯಾವ ಆಯಿಲನ್ನು ಯಾಕೆ ಆರಿಸಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಚಿತ್ರದುರ್ಗದಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ ಸಣ್ಣ ಪೆಟ್ರೋಲ್ ಕಾರು, ಐದು ಗೇರ್. ಎಂಜಿನ್ ಚೆನ್ನಾಗಿತ್ತು. ಆದರೆ ಚಳಿಗಾಲದ ಬೆಳಿಗ್ಗೆ ಮನೆಯಿಂದ ಹೊರಟರೆ ಎರಡನೇ ಗೇರ್ ಬೀಳುತ್ತಿರಲಿಲ್ಲ. ಲಿವರ್ ಅರ್ಧಕ್ಕೆ ಹೋಗಿ ನಿಲ್ಲುತ್ತಿತ್ತು. ಜೋರು ಮಾಡಿದರೆ ಕರ್ರ್ ಅನ್ನುತ್ತಿತ್ತು. ಹೆದ್ದಾರಿಗೆ ಬಿದ್ದು ಭರಮಸಾಗರ ದಾಟುವ ಹೊತ್ತಿಗೆ ಗೇರ್ ಸಲೀಸಾಗಿ ಬೀಳುತ್ತಿತ್ತು. ತಣ್ಣಗಿದ್ದಾಗ ಬಿಗಿ, ಬಿಸಿಯಾದ ಮೇಲೆ ಸಲೀಸು ಅಂದರೆ ಮೊದಲು ಅನುಮಾನ ಪಡಬೇಕಾದ್ದು ಆಯಿಲ್ ಮೇಲೆ. ಹಿಂದಿನ ಮಾಲೀಕರಿಗೆ ಫೋನ್ ಮಾಡಿ ಕೇಳಿದೆ. ‘ಗ್ಯಾರೇಜಲ್ಲಿ ನೈಂಟಿ ಹಾಕ್ಸಿದ್ದೆ ಸರ್, ಒಳ್ಳೆ ದಪ್ಪ ಆಯಿಲ್’ ಅಂದರು. ಕಾರಿನ ಮ್ಯಾನುಯಲ್ ಪುಸ್ತಕ ತೆಗೆದು ನೋಡಿದರೆ 75ಡಬ್ಲ್ಯೂ-80, ಜಿಎಲ್-4 ಅಂತ ಇತ್ತು.

ಆಯಿಲ್ ಡಬ್ಬದ ಮೇಲೆ ಮುಖ್ಯವಾಗಿ ನೋಡಬೇಕಾದ್ದು ಈ ಎರಡೇ. ಮೊದಲನೆಯದು ಎಷ್ಟು ದಪ್ಪ ಅಂತ ಹೇಳುತ್ತದೆ. ಎರಡನೆಯದು ಅದರೊಳಗೆ ಎಷ್ಟು ಖಾರದ ರಾಸಾಯನಿಕ ಇದೆ ಅಂತ ಹೇಳುತ್ತದೆ. ಅಂಗಡಿಯಲ್ಲಿ ಎಲ್ಲರೂ ಮೊದಲನೆಯದನ್ನೇ ಕೇಳುತ್ತಾರೆ. ಗೇರ್‌ಬಾಕ್ಸ್ ಹಾಳಾಗುವ ವಿಷಯದಲ್ಲಿ ಎರಡನೆಯದು ಜಾಸ್ತಿ ಮುಖ್ಯ ಅಂತ ನನ್ನ ಅಭಿಪ್ರಾಯ.

ಇದು ಅರ್ಥವಾಗಬೇಕಾದರೆ ಸಿಂಕ್ರೋ ರಿಂಗ್ ಅಂದರೇನು ಅಂತ ಗೊತ್ತಿರಬೇಕು. ಚಿತ್ರದುರ್ಗದಲ್ಲಿ ನನಗೆ ಪರಿಚಯದ ಒಬ್ಬ ಮೇಸ್ತ್ರಿ ಇದ್ದಾರೆ, ಗೇರ್‌ಬಾಕ್ಸ್ ಕೆಲಸದಲ್ಲಿ ಪಳಗಿದ ಕೈ. ನನ್ನ ತೊಂದರೆ ಹೇಳಿದಾಗ ಅವರು ಮಾತಾಡಲಿಲ್ಲ. ಬಿಚ್ಚಿಟ್ಟಿದ್ದ ಯಾವುದೋ ಗೇರ್‌ಬಾಕ್ಸಿನಿಂದ ಒಂದು ಗೇರ್, ಎರಡು ರಿಂಗ್ ತಂದು ಬಟ್ಟೆಯ ಮೇಲೆ ಇಟ್ಟರು. ರಿಂಗ್ ಹಿತ್ತಾಳೆ ಬಣ್ಣದ್ದು, ದೊಡ್ಡ ಬಳೆಯಷ್ಟಗಲ. ಹೊರಗೆ ಸಣ್ಣ ಹಲ್ಲು, ಒಳಗಡೆ ಕೂದಲೆಳೆಯಂಥ ಗೀರುಗಳು. ಗೇರಿನ ಪಕ್ಕದಲ್ಲಿರುವ ನುಣುಪಾದ ಇಳಿಜಾರು ಉಕ್ಕಿನ ಮೇಲೆ ಆ ರಿಂಗ್ ಕೂರುತ್ತದೆ. ಗೇರ್ ಬದಲಿಸುವಾಗ ಎರಡು ಭಾಗಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುತ್ತವೆ. ಈ ರಿಂಗ್ ಉಕ್ಕಿನ ಮೇಲೆ ಒತ್ತಿಕೊಂಡು, ಉಜ್ಜಿ, ಎರಡನ್ನೂ ಒಂದೇ ವೇಗಕ್ಕೆ ತರುತ್ತದೆ. ಆಮೇಲೆ ಗೇರ್ ಬೀಳುತ್ತದೆ. ಕ್ಷಣದೊಳಗೆ ಮುಗಿಯುವ ಕೆಲಸ.

ಮೇಸ್ತ್ರಿ ಹೊಸ ರಿಂಗನ್ನು ಗೇರ್ ಮೇಲೆ ಹೆಬ್ಬೆರಳಿನಿಂದ ಒತ್ತಿ ತಿರುಗಿಸಿ ಅಂದರು. ತಿರುಗಿಸೋಕೆ ಆಗಲಿಲ್ಲ, ಗಕ್ಕನೆ ಹಿಡಿಯಿತು. ಸವೆದ ರಿಂಗ್ ಒತ್ತಿ ತಿರುಗಿಸಿದರೆ ಸುಮ್ನೆ ಜಾರಿತು. ಹೊಸ ರಿಂಗ್ ಹಲ್ಲಿಗೂ ಗೇರ್ ಹಲ್ಲಿಗೂ ನಡುವೆ ಒಂದು ಸಂದು ಕಾಣುತ್ತದೆ. ಸವೆದದ್ದರಲ್ಲಿ ಆ ಸಂದು ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಈ ಸಂದನ್ನು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ತಗಡಿನ ಪಟ್ಟಿ) ಅಳೆದೇ ರಿಂಗ್ ಇನ್ನೂ ಬಾಳುತ್ತದಾ ಅಂತ ಹೇಳುತ್ತಾರೆ. ಕೊನೆಗೆ ಅವರು ಹೊಸ ರಿಂಗಿನ ಒಳಗೆ ಲಾರಿಗೆ ಹಾಕುವ ದಪ್ಪ ಆಯಿಲ್ ಸವರಿ ಕೊಟ್ಟರು. ಅದೇ ರಿಂಗ್ ಈಗ ಮೊದಲು ಜಾರಿತು. ಆಯಿಲ್ ಹೊರಗೆ ಒತ್ತಿಹೋದ ಮೇಲೆ ಹಿಡಿಯಿತು.

‘ನೋಡ್ರಿ ಸರ್,’ ಅಂದರು, ‘ಹಲ್ಲಿಗೆ ಜಾರಬೇಕು, ರಿಂಗಿಗೆ ಹಿಡೀಬೇಕು. ಎರಡೂ ಕೆಲಸ ಒಂದೇ ಆಯಿಲ್ ಮಾಡಬೇಕು.’

ಗೇರ್ ಆಯಿಲ್ ಆರಿಸುವ ಕಷ್ಟ ಪೂರ್ತಿ ಇಷ್ಟರಲ್ಲೇ ಇದೆ. ಹಲ್ಲಿಗೆ ಹಲ್ಲು ತಾಗುವ ಕಡೆ ಒತ್ತಡ ಭಯಂಕರ ಜಾಸ್ತಿ. ಅಲ್ಲಿ ಉಕ್ಕು ಉಕ್ಕಿಗೆ ಅಂಟಬಾರದು ಅಂತ ಆಯಿಲ್‌ಗೆ ಗಂಧಕ ಮತ್ತು ರಂಜಕದ ಸೇರ್ಪಡೆ ಹಾಕಿರುತ್ತಾರೆ. ಗೇರ್ ಆಯಿಲ್ ಡಬ್ಬ ತೆಗೆದ ತಕ್ಷಣ ಮೂಗಿಗೆ ಬಡಿಯುವ ವಾಸನೆ ಆ ಗಂಧಕದ್ದೇ. ಜಿಎಲ್-5ರಲ್ಲಿ ಈ ಸೇರ್ಪಡೆ ಜಿಎಲ್-4ರ ಸುಮಾರು ಎರಡರಷ್ಟಿರುತ್ತದೆ. ಅದು ಬೇಕಾಗುವುದು ಹಿಂದಿನ ಚಕ್ರಕ್ಕೆ ಎಳೆತ ಕೊಡುವ ಗಾಡಿಗಳ ಹೌಸಿಂಗಿಗೆ, ಅಂದರೆ ಹಿಂದಿನ ಆಕ್ಸಲ್ ನಡುವಿನ ಗೂಡಿನಲ್ಲಿರುವ ಕ್ರೌನ್ ಪಿನಿಯನ್ ಗೇರುಗಳಿಗೆ. ಅಲ್ಲಿ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಉಜ್ಜಿಕೊಂಡು ಜಾರುತ್ತವೆ. ಕಾರಿನ ಗೇರ್‌ಬಾಕ್ಸಿನಲ್ಲಿ ಅಷ್ಟು ಉಜ್ಜಾಟ ಇಲ್ಲ. ಅಲ್ಲಿ ಇರೋದು ಹಿತ್ತಾಳೆ ರಿಂಗ್. ಗಂಧಕ ಮತ್ತು ತಾಮ್ರ ಬಿಸಿಯಲ್ಲಿ ಸೇರಿದರೆ ತಾಮ್ರ ಕಪ್ಪಾಗಿ ಸವೆಯುತ್ತದೆ. ಈಗಿನ ಕೆಲವು ಜಿಎಲ್-5 ಆಯಿಲ್‌ಗಳಲ್ಲಿ ಇದಕ್ಕೆ ತಡೆ ಹಾಕಿರುತ್ತಾರೆ, ನಿಜ. ಆದರೆ ರಿಂಗ್ ಹಿಡಿಯಬೇಕಾದ ಕಡೆ ಜಾರುವ ತೊಂದರೆಗೆ ಅದರಿಂದ ಪರಿಹಾರ ಸಿಗಲ್ಲ. ಆದ್ದರಿಂದ ಪುಸ್ತಕದಲ್ಲಿ ಜಿಎಲ್-4 ಅಂತ ಇದ್ದರೆ ಜಿಎಲ್-4 ಮಾತ್ರ. ‘5 ಅಂದರೆ 4ಕ್ಕಿಂತ ಮೇಲಿನದು’ ಅನ್ನುವ ಲೆಕ್ಕ ಇಲ್ಲಿ ನಡೆಯೋದಿಲ್ಲ. ಡಬ್ಬದ ಮೇಲೆ ಎರಡನ್ನೂ ಬರೆದಿರುವ ಆಯಿಲ್‌ಗಳೂ ಸಿಗುತ್ತವೆ. ನಾನು ಅವನ್ನು ತಗೊಳ್ಳುವುದಿಲ್ಲ.

ಇದರ ಉಲ್ಟಾ ಮಾಡುವುದೂ ಅಷ್ಟೇ ಅಪಾಯ. ಬೊಲೆರೋ, ಸುಮೋ ಥರದ ಗಾಡಿಗಳಲ್ಲಿ ಗೇರ್‌ಬಾಕ್ಸ್ ಬೇರೆ, ಹಿಂದಿನ ಹೌಸಿಂಗ್ ಬೇರೆ. ಹೌಸಿಂಗಿಗೆ ಜಿಎಲ್-5 ಬೇಕಾದಲ್ಲಿ ಜಿಎಲ್-4 ಹಾಕಿದರೆ ಕ್ರೌನ್ ಹಲ್ಲು ಉರಿದುಹೋಗುತ್ತದೆ. ಮುಂದಿನ ಚಕ್ರಕ್ಕೆ ಎಳೆತ ಕೊಡುವ ಸಣ್ಣ ಕಾರುಗಳಲ್ಲಿ ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಎಳೆತ ಹಂಚುವ ಭಾಗ) ಸಾಮಾನ್ಯವಾಗಿ ಗೇರ್‌ಬಾಕ್ಸ್ ಒಳಗೇ ಇರುತ್ತದೆ. ಅದರ ಹಲ್ಲುಗಳ ಜೋಡಣೆಯೂ ಬೇರೆ ಥರದ್ದು. ಅದಕ್ಕೇ ಒಂದೇ ಜಿಎಲ್-4 ಎರಡಕ್ಕೂ ಸಾಕು.

ಇನ್ನು ದಪ್ಪದ ವಿಷಯ. ಇಲ್ಲಿ ಅಂಕಿಗಳು ಜನರನ್ನು ದಾರಿ ತಪ್ಪಿಸುತ್ತವೆ. ಎಂಜಿನ್ ಆಯಿಲ್ 40, ಗೇರ್ ಆಯಿಲ್ 90 ಅಂದ ಕೂಡಲೇ 90 ಎರಡು ಪಟ್ಟು ದಪ್ಪ ಅಂತ ಅನ್ನಿಸುತ್ತದೆ ಅಲ್ವಾ? ಎರಡರ ಅಳತೆಪಟ್ಟಿಗಳೇ ಬೇರೆ. 100 ಡಿಗ್ರಿ ಬಿಸಿಯಲ್ಲಿ 40ರ ಎಂಜಿನ್ ಆಯಿಲ್ 12.5ರಿಂದ 16.3 ಸೆಂಟಿಸ್ಟೋಕ್ (ಆಯಿಲ್ ದಪ್ಪದ ಅಳತೆ) ಒಳಗೆ ಇರುತ್ತದೆ. 90ರ ಗೇರ್ ಆಯಿಲ್ 13.5ರಿಂದ 18.5ರ ಒಳಗೆ. ಹೆಚ್ಚುಕಡಿಮೆ ಒಂದೇ. ಗೇರ್ ಆಯಿಲ್‌ನಲ್ಲಿ 80 ಅಂದರೆ 11ಕ್ಕಿಂತ ಕಡಿಮೆ. ಲಾರಿಯವರು ಹೇಳುವ ಒನ್ ಫಾರ್ಟಿ (140) 24ರಿಂದ ಶುರು. 80 ಕೇಳುವ ಗೇರ್‌ಬಾಕ್ಸ್‌ಗೆ ಒನ್ ಫಾರ್ಟಿ ಸುರಿದರೆ ಎರಡು ಪಟ್ಟಿಗಿಂತ ಜಾಸ್ತಿ ದಪ್ಪ ಆಯಿಲ್ ಹಾಕಿದ ಹಾಗೆ. ಡಬ್ಲ್ಯೂಗೆ ಮೊದಲು ಬರುವ ಅಂಕಿ ಚಳಿಯದ್ದು. 75ಡಬ್ಲ್ಯೂ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹರಿಯಬೇಕು. ನಮ್ಮ ಕಡೆ ಡಿಸೆಂಬರ್ ಬೆಳಿಗ್ಗೆಯೂ ಹಿಮ ಬೀಳಲ್ಲ, ಹಾಗಾದರೆ 75 ಯಾಕೆ ಅಂತ ಕೇಳುವವರಿದ್ದಾರೆ. ಅಷ್ಟು ಚಳಿಯಲ್ಲಿ ಹರಿಯುವ ಆಯಿಲ್ ನಮ್ಮ 15 ಡಿಗ್ರಿಯ ಬೆಳಿಗ್ಗೆಯೂ ತೆಳ್ಳಗೇ ಇರುತ್ತದೆ. ಹೊರಟ ತಕ್ಷಣ ಎರಡನೇ ಗೇರ್ ಬೀಳಲು ಬೇಕಾದ್ದು ಅದೇ. ಬರೀ 90 ಅಂತ ಇರುವ ಆಯಿಲ್‌ಗೆ ಚಳಿಯ ಅಂಕಿಯೇ ಇಲ್ಲ. ಅದು ಬಿಸಿಯಾಗುವವರೆಗೆ ಜಿಡ್ಡುಜಿಡ್ಡಾಗಿಯೇ ಇರುತ್ತದೆ.

ಪಿ.ಬಿ. ರಸ್ತೆಯ ಅಂಗಡಿಯಲ್ಲಿ 75ಡಬ್ಲ್ಯೂ-80 ಕೇಳಿದೆ. ‘ಅಣ್ಣಾ, 90 ತಗೊಂಡ್ ಹೋಗ್ರಿ. ಲಾರಿಗೇ ತಡಿಯೋದು ನಿಮ್ಮ ಕಾರಿಗೆ ತಡಿಯಲ್ವಾ?’ ಅಂದರು. ಅವರು ದಿನವೂ ವ್ಯಾಪಾರ ಮಾಡುವುದು ಲಾರಿ, ಟ್ರ್ಯಾಕ್ಟರ್‌ನವರ ಜೊತೆ. ಅವರ ಲೆಕ್ಕದಲ್ಲಿ ಅದು ಸರಿಯೇ. ಪುಸ್ತಕದ ಪುಟ ಫೋಟೋ ತೆಗೆದು ಇಟ್ಟುಕೊಂಡಿದ್ದೆ, ತೋರಿಸಿದೆ. ‘ಓ, ಇದು ತರಿಸಬೇಕ್ರಿ, ನಾಳೆ ಬರ್ರಿ’ ಅಂದರು. ಮಾರನೇ ದಿನ ತರಿಸಿಯೂ ಕೊಟ್ಟರು. ಈ ಫೋಟೋ ಎಲ್ಲರೂ ಮೊಬೈಲ್‌ನಲ್ಲಿ ಇಟ್ಟುಕೊಳ್ಳಬೇಕು. ಬಾಯಲ್ಲಿ ವಾದ ಮಾಡುವುದಕ್ಕಿಂತ ಪುಟ ತೋರಿಸುವುದು ಸುಲಭ.

ಕೆಲಸಕ್ಕೆ ಕಾರನ್ನು ನಾಲ್ಕೂ ಕಡೆ ಎತ್ತಿ ಸ್ಟ್ಯಾಂಡ್ ಮೇಲೆ ಸಮವಾಗಿ ಕೂರಿಸಬೇಕು. ಬರೀ ಜಾಕಿ ನಂಬಿ ಕಾರಿನ ಕೆಳಗೆ ತೂರಬೇಡಿ. ಸ್ವಲ್ಪ ಓಡಿಸಿ ಬಂದು, ಆಯಿಲ್ ಉಗುರುಬೆಚ್ಚಗೆ ಇದ್ದಾಗ ಇಳಿಸಿದರೆ ಕೊಳೆಯೆಲ್ಲ ಜೊತೆಗೇ ಬರುತ್ತದೆ. ಒಂದು ಮಾತು ಮರೆಯಬೇಡಿ: ಮೊದಲು ಬಿಚ್ಚಬೇಕಾದ್ದು ಮೇಲಿನ ಫಿಲ್ಲರ್ ಪ್ಲಗ್, ಅಂದರೆ ಆಯಿಲ್ ತುಂಬುವ ತೂತಿನ ಬಿರಡೆ. ಕೆಳಗಿನದನ್ನು ಮೊದಲು ಬಿಚ್ಚಿ ಆಯಿಲ್ ಪೂರ್ತಿ ಇಳಿಸಿ, ಆಮೇಲೆ ಮೇಲಿನದು ತುಕ್ಕು ಹಿಡಿದು ಬಿಚ್ಚಲೇ ಇಲ್ಲ ಅಂದರೆ ಕಾರು ಅಲ್ಲೇ ನಿಲ್ಲುತ್ತದೆ. ನನ್ನ ಕಾರಿನದೂ ಬಿಗಿಯಾಗಿತ್ತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯೆಲ್ಲ ಬಿಟ್ಟೆ. ಬೆಳಿಗ್ಗೆ ಉದ್ದ ಹಿಡಿಯ ಪಾನಾಕ್ಕೆ ಬಗ್ಗಿತು.

ಇಳಿದ ಆಯಿಲನ್ನು ನಾನು ಬಿಳಿ ಪ್ಲಾಸ್ಟಿಕ್ ಟ್ರೇಯಲ್ಲಿ ಹಿಡಿದೆ. ಬಣ್ಣ ಕಪ್ಪು. ಡ್ರೈನ್ ಪ್ಲಗ್ ತುದಿಯ ಅಯಸ್ಕಾಂತದ ಮೇಲೆ ಬೂದು ಬಣ್ಣದ ಲೇಪ ಕೂತಿತ್ತು. ಬೆರಳಲ್ಲಿ ಉಜ್ಜಿದರೆ ನುಣ್ಣಗೆ ಹರಡಿತು, ಚೂರು ಸಿಗಲಿಲ್ಲ. ಅದು ಉಕ್ಕಿನ ಸಹಜ ಸವೆತ, ಹೆದರಬೇಕಾಗಿಲ್ಲ. ಹಲ್ಲಿನ ಚೂರು, ಚಕ್ಕೆ ಸಿಕ್ಕಿದರೆ ಮಾತ್ರ ಗೇರ್‌ಬಾಕ್ಸ್ ಬಿಚ್ಚಿಸಬೇಕು. ಆದರೆ ಟ್ರೇಯನ್ನು ಬಿಸಿಲಿಗೆ ತಂದು ವಾಲಿಸಿದಾಗ ಆಯಿಲ್ ಒಳಗೆ ಚಿನ್ನದ ಪುಡಿ ಉದುರಿಸಿದ ಹಾಗೆ ಮಿನುಗಿತು. ಅಯಸ್ಕಾಂತ ಹಿಡಿದು ನೋಡಿದೆ, ಒಂದು ಕಣವೂ ಬರಲಿಲ್ಲ. ಅದು ರಿಂಗಿನ ಹಿತ್ತಾಳೆ. ನನ್ನ ಕಾರಿನ ಸಿಂಕ್ರೋ ಸವೆಯುತ್ತಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಯಾರಾದರೂ ಗೇರ್ ಆಯಿಲ್ ಬದಲಿಸುವಾಗ ಹತ್ತಿರ ನಿಂತು ಇದನ್ನು ನೋಡಿ. ಗ್ಯಾರೇಜ್‌ನವರು ಡಬ್ಬಕ್ಕೆ ಸುರಿದುಬಿಟ್ಟರೆ ಈ ಸುದ್ದಿ ಗೊತ್ತಾಗೋದೇ ಇಲ್ಲ.

ಹೊಸ ವಾಷರ್ ಹಾಕಿ ಕೆಳಗಿನ ಪ್ಲಗ್ ಬಿಗಿ ಮಾಡಿದೆ. ಬಾನೆಟ್ ಕಡೆಯಿಂದ ಪೈಪ್, ಆಲಿಕೆ ಇಟ್ಟು ನಿಧಾನಕ್ಕೆ ಆಯಿಲ್ ಬಿಟ್ಟೆ. ಫಿಲ್ಲರ್ ತೂತಿನ ಕೆಳ ಅಂಚಿಗೆ ಬಂದು ತುಳುಕುವ ಹಂತವೇ ಸರಿಯಾದ ಮಟ್ಟ. ಕಾರು ಒಂದು ಕಡೆ ವಾಲಿದ್ದರೆ ಈ ಲೆಕ್ಕ ತಪ್ಪುತ್ತದೆ.

ಎರಡನೇ ಗೇರ್ ಮಾರನೇ ಬೆಳಿಗ್ಗೆಯಿಂದಲೇ ಬದಲಾಯಿತು. ಹೊಸ ಕಾರಿನಂತಾಗಲಿಲ್ಲ, ಸವೆದ ಹಿತ್ತಾಳೆ ವಾಪಸ್ ಬರಲ್ಲ. ಆದರೆ ಲಿವರ್ ಅರ್ಧಕ್ಕೆ ನಿಲ್ಲುವುದು ಹೋಯಿತು, ಕರ್ರ್ ಅನ್ನುವುದೂ ನಿಂತಿತು. ಜೋಗಿಮಟ್ಟಿ ಏರಿನಲ್ಲಿ ಮೂರರಿಂದ ಎರಡಕ್ಕೆ ಇಳಿಸಿ ನೋಡಿದೆ, ಸಿಂಕ್ರೋಗೆ ಅದು ಒಳ್ಳೆ ಪರೀಕ್ಷೆ. ಒಂದೇ ಒತ್ತಿಗೆ ಬಿತ್ತು. ನ್ಯೂಟ್ರಲ್‌ನಲ್ಲಿ ನಿಂತಾಗ ಗೇರ್‌ಬಾಕ್ಸಿನ ಸದ್ದು ಮೊದಲಿಗಿಂತ ಸ್ವಲ್ಪ ಜಾಸ್ತಿ ಕೇಳುತ್ತದೆ, ಅದನ್ನೂ ಹೇಳಬೇಕು. ದಪ್ಪ ಆಯಿಲ್ ಸದ್ದನ್ನು ಮುಚ್ಚಿಡುತ್ತದೆ. ಸದ್ದು ಕಡಿಮೆ ಆಯಿತು ಅಂತ ದಪ್ಪ ಆಯಿಲ್ ಹಾಕಿಸಿ ಖುಷಿಪಡುವವರು ಇದನ್ನು ಯೋಚಿಸಬೇಕು.

ಎಲ್ಲ ಕಾರಿಗೂ ನನ್ನ 75ಡಬ್ಲ್ಯೂ-80 ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಕೆಲವು ಗೇರ್‌ಬಾಕ್ಸ್ 75ಡಬ್ಲ್ಯೂ-90 ಕೇಳುತ್ತವೆ. ಹೋಂಡಾದವರು ಹಿಂದೆ ಮ್ಯಾನುಯಲ್ ಗೇರ್‌ಬಾಕ್ಸ್‌ಗೆ ಎಂಜಿನ್ ಆಯಿಲನ್ನೇ ಹೇಳುತ್ತಿದ್ದರು, ಆಮೇಲೆ ಎಂಟಿಎಫ್ ಅನ್ನುವ ತಮ್ಮದೇ ಗೇರ್‌ಬಾಕ್ಸ್ ಆಯಿಲ್ ತಂದರು. ಆಟೋಮ್ಯಾಟಿಕ್ ಗಾಡಿಯ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಆಯಿಲ್ ಬೇಡುವ ಮ್ಯಾನುಯಲ್ ಗೇರ್‌ಬಾಕ್ಸ್‌ಗಳೂ ಇವೆ. ಕೆಲವು ರಿಂಗುಗಳ ಒಳಗೆ ಹಿತ್ತಾಳೆ ಬದಲು ಕಾರ್ಬನ್ ಪದರ ಇರುತ್ತದೆ, ಅವಕ್ಕೆ ಬೇರೆ ಥರದ ಆಯಿಲ್ ಬೇಕು. ಎಎಂಟಿ, ಅಂದರೆ ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ ಕಾರುಗಳವರು ಇನ್ನೊಂದು ನೋಡಬೇಕು. ಅದರೊಳಗೆ ಇರುವುದೂ ಮ್ಯಾನುಯಲ್ ಗೇರ್‌ಬಾಕ್ಸೇ. ಗೇರ್ ಬದಲಿಸುವ ಹೈಡ್ರಾಲಿಕ್ ಭಾಗ ಇದ್ದರೆ ಅದರ ಆಯಿಲ್ ಬೇರೆ. ಒಂದರದ್ದು ಇನ್ನೊಂದಕ್ಕೆ ಹಾಕಬಾರದು.

ಸರಿಯಾದ ಆಯಿಲ್ ಹಾಕಿದ ಮೇಲೂ ಗೇರ್ ಕರ್ರ್ ಅಂದರೆ ಇನ್ನೊಂದು ಆಯಿಲ್ ಹುಡುಕುತ್ತಾ ಹೋಗಬೇಡಿ, ಮೊದಲು ಕ್ಲಚ್ ನೋಡಿ. ಎಂಜಿನ್ ಚಾಲೂ ಇಟ್ಟು, ಕಾರು ನಿಂತಿರುವಾಗ ಕ್ಲಚ್ ಪೂರ್ತಿ ಒತ್ತಿ. ಐದಾರು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಅಷ್ಟು ಹೊತ್ತು ಕಾದರೂ ಸದ್ದು ಬಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ರಿವರ್ಸ್ ಸುಮ್ನೆ ಬಿದ್ದು, ಓಡುವಾಗ ಒಂದೇ ಒಂದು ಗೇರ್ ಮಾತ್ರ ತೊಂದರೆ ಕೊಟ್ಟರೆ ಆ ಗೇರಿನ ರಿಂಗ್ ಹೋಗಿದೆ. ಆಗ ಗೇರ್‌ಬಾಕ್ಸ್ ಬಿಚ್ಚಿಸಿ ರಿಂಗ್ ಬದಲಿಸುವುದೇ ಸರಿ.