ಲಾಗ್‌ಬುಕ್ಕಲ್ಲಿ ಗೀಟು ಎಳೀತಿದ್ದ ಕಾಲಂ

ಹದಿನೆಂಟು ವರ್ಷ ಟ್ರಾಲ್ ಬೋಟು, ಅಂದ್ರೆ ಚೀಲದಂಥ ಬಲೆನ ಹಿಂದೆ ಎಳ್ಕೊಂಡು ಹೋಗಿ ಮೀನು ಹಿಡಿಯೋ ಬೋಟು, ಓಡ್ಸಿದೀನಿ. ಮೊದಲ ಹನ್ನೊಂದು ವರ್ಷ ಯಾರಾದ್ರೂ ಎಷ್ಟು ಹಿಡಿದ್ರಿ ಅಂತ ಕೇಳಿದ್ರೆ ನಾನು ಹೇಳ್ತಿದ್ದಿದ್ದು ದಡಕ್ಕೆ ಇಳಿಸಿದ ತೂಕ ಮಾತ್ರ. ಡೆಕ್ ಮೇಲಿಂದ ಸಲಿಕೇಲಿ ತಳ್ಳಿ ವಾಪಸ್ ನೀರಿಗೆ ಹಾಕಿದ್ದು ಲೆಕ್ಕದಲ್ಲೇ ಇಲ್ಲ. ಲಾಗ್‌ಬುಕ್ಕಲ್ಲಿ ಅದಕ್ಕೇ ಅಂತ ಒಂದು ಕಾಲಂ ಇರುತ್ತೆ, ಅಲ್ಲಿ ಒಂದು ಗೀಟು ಎಳೆದು ಮುಂದಿನ ಪುಟಕ್ಕೆ ಹೋಗ್ತಿದ್ವಿ.

ನಮ್ಮದು ವರ್ಷದಲ್ಲಿ ಅರ್ಧ ಸಿಗಡಿ ಬಲೆ, ಇನ್ನರ್ಧ ತಳದ ಮೀನಿನ ಬಲೆ. ಒಂದ್ಸಲ ಸಿಗಡಿ ಸೀಸನ್ನಲ್ಲಿ ಬಲೆ ಎತ್ತೋ ವಿಂಚ್ ಕೆಟ್ಟು ಕೂತಿದ್ದೆ, ಮಾಡೋಕೆ ಬೇರೆ ಕೆಲಸ ಇಲ್ಲ, ಎಸೆಯೋಕೆ ಗುಡ್ಡೆ ಹಾಕಿದ್ದ ರಾಶೀಲಿ ಸುಮ್ನೆ ಕೈಯಾಡಿಸ್ತಾ ಕೂತೆ. ಏಡಿ, ಕಪ್ಪೆಚಿಪ್ಪು, ಹೆಸರೇ ಗೊತ್ತಿಲ್ಲದ ಮುಳ್ಳುಮೀನು, ಅದೆಲ್ಲ ಇದ್ದಿದ್ದೇ. ಆದ್ರೆ ಬೆರಳುದ್ದದ ಮರಿಗಳು ರಾಶಿ ರಾಶಿ ಇದ್ವಲ್ಲ, ಅವನ್ನ ತೊಳೆದು ನೋಡಿದ್ರೆ ಸುಮಾರು ಭಾಗ ಇನ್ನೊಂದು ಸೀಸನ್ನಲ್ಲಿ ನಾವೇ ಡೀಸೆಲ್ ಸುಟ್ಟು ಹುಡುಕ್ಕೊಂಡು ಹೋಗೋ ಮೀನಿನ ಮರಿಗಳು! ಆ ಮೀನು ಕಮ್ಮಿ ಆಯ್ತು ಅಂತ ನಾವು ದೊಡ್ಡ ಬೋಟಿನೋರನ್ನ, ನೀರು ಬಿಸಿ ಆಗಿದ್ದನ್ನ, ಎಲ್ಲರನ್ನೂ ಬೈತಿದ್ವಿ.

ಸರಿ, ಎಣಿಸೋಣ ಅಂತ ಶುರು ಮಾಡ್ದೆ. ಇಡೀ ರಾಶಿ ಎಣಿಸೋಕಾಗಲ್ಲ, ಅದಕ್ಕೆ ಪ್ರತಿ ಎಳೆತದಲ್ಲಿ (ಬಲೆ ಒಂದ್ಸಲ ಇಳಿಸಿ ಎಳೆದು ಎತ್ತೋದು) ಆರಿಸೋಕೆ ಮುಂಚೆನೇ ಒಂದು ಬುಟ್ಟಿ ತೆಗೆದಿಟ್ಟು, ಅದನ್ನ ಜಾತಿವಾರು ಬೇರೆ ಮಾಡಿ ತೂಗಿ, ಆಮೇಲೆ ಒಟ್ಟು ಬುಟ್ಟಿಗಳ ಲೆಕ್ಕಕ್ಕೆ ಗುಣಿಸೋದು. ಮೊದಲ ವಾರ ಮಾಡಿದ್ದೆಲ್ಲ ದಂಡ. ಯಾಕಂದ್ರೆ ಹುಡುಗ್ರು ರಾಶಿಯ ಮೇಲಿಂದ ಬುಟ್ಟಿ ತುಂಬಿದ್ರು, ಸಣ್ಣದೆಲ್ಲ ಜಾರಿ ಕೆಳಗೆ ಹೋಗಿರುತ್ತೆ. ಮೇಲಿಂದ, ನಡುವಿಂದ, ತಳದಿಂದ ಒಂದೊಂದು ಸಲಿಕೆ ತಗೊಂಡ್ಮೇಲೆ ಲೆಕ್ಕ ಬೇರೇನೇ ಬಂತು. ಒಂದು ಬುಟ್ಟಿ ಸಿಗಡಿಗೆ ನಾಲ್ಕು ಬುಟ್ಟಿ ಬೇರೆ, ಕೆಲವು ದಿನ ಐದು. ನಮ್ಮದೇನು ವಿಶೇಷ ಪಾಪ ಅಲ್ಲ ಬಿಡಿ, ಸಿಗಡಿ ಟ್ರಾಲಿಂಗ್ ಎಲ್ಲ ಕಡೆ ಇದೇ ಕಥೆ. ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) 2019ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ 2010ರಿಂದ 2014ರವರೆಗಿನ ಸರಾಸರಿ ತಗೊಂಡ್ರೆ ಪ್ರಪಂಚದಲ್ಲಿ ವರ್ಷಕ್ಕೆ 91 ಲಕ್ಷ ಟನ್ ಮೀನು ಹಿಡಿದು ಹಾಗೇ ಸಮುದ್ರಕ್ಕೆ ಎಸೀತಾರೆ, ಹಿಡಿದಿದ್ದರಲ್ಲಿ ಹತ್ರತ್ರ ಹತ್ತರಲ್ಲಿ ಒಂದು ಭಾಗ, ಅದ್ರಲ್ಲೂ ಅರ್ಧದಷ್ಟು ತಳ ಗುಡಿಸೋ ಟ್ರಾಲ್ ಬಲೆಗಳದ್ದೇ.

ಇಲ್ಲಿ ಒಂದು ವಾದ ಬರುತ್ತೆ, ನಾನೂ ಮಾಡ್ತಿದ್ದೆ: ಮೀನು ಲಕ್ಷಗಟ್ಟಲೆ ಮೊಟ್ಟೆ ಇಡುತ್ತೆ, ಮರಿಗಳು ಹೆಂಗಿದ್ರೂ ಸಾಯ್ತವೆ, ನಾವು ಸ್ವಲ್ಪ ಸಾಯಿಸಿದ್ರೆ ಏನಂತೆ. ಅರ್ಧ ನಿಜ. ಮೊಟ್ಟೆ, ಲಾರ್ವಾ ಹಂತದಲ್ಲೇ ಬಹುಪಾಲು ಹೋಗಿಬಿಡುತ್ತೆ. ಆದ್ರೆ ಬೆರಳುದ್ದ ಆಗಿರೋ ಮರಿ ಆ ಗಂಡಾಂತರ ದಾಟಿ ಬಂದಿರೋ ಮರಿ, ಇನ್ನು ಅದು ಬೆಳೆದು ಒಂದ್ಸಲನಾದ್ರೂ ಮೊಟ್ಟೆ ಇಡೋ ಚಾನ್ಸು ಜಾಸ್ತಿ. ನಾವು ಬಾಚ್ತಿದ್ದಿದ್ದು ಅವನ್ನೇ. ಮೆಕ್ಸಿಕೋ ಕೊಲ್ಲಿಲಿ ರೆಡ್ ಸ್ನ್ಯಾಪರ್ ಅನ್ನೋ ಮೀನಿಗೆ ಆಗಿದ್ದೂ ಇದೇ, ಗಾಳದೋರು ಹಿಡಿಯೋದರ ಮೇಲೆ ನಿಯಮ ಬಿಗಿ ಮಾಡ್ತಾ ಬಂದ್ರು, ಆದ್ರೆ ಸಿಗಡಿ ಬಲೇಲಿ ಒಂದು ವರ್ಷ ಕೂಡ ತುಂಬದ ಮರಿಗಳು ಸಾಯ್ತಾನೇ ಇದ್ವು. ಇನ್ನೊಂದು, ಎಸೆದಿದ್ದು ಬರೀದೆ ಹೋದ್ರೆ ಸಾಗರದಲ್ಲಿ ಎಷ್ಟು ಮೀನಿದೆ ಅಂತ ಲೆಕ್ಕ ಹಾಕೋರಿಗೆ ಆ ಸಾವು ಕಾಣಲ್ಲ, ಅವ್ರ ಕೋಷ್ಟಕದಲ್ಲಿ ಮರಿಗಳು ಬದುಕೇ ಇರ್ತವೆ, ಆಮೇಲೆ ಅವ್ರು ಹೇಳಿದಷ್ಟು ಮೀನು ಇಲ್ಲ ಅಂತ ನಾವೇ ನಗ್ತೀವಿ. ನನ್ನ ಗೀಟು ಹೋಗಿ ಕೂತಿದ್ದು ಅಲ್ಲಿ.

ಬಲೆ ವಿಷಯಕ್ಕೆ ಬರ್ತೀನಿ. ಕಾಡ್ ಎಂಡ್, ಅಂದ್ರೆ ಬಲೆ ಕೊನೇಲಿ ಮೀನು ಬಂದು ತುಂಬೋ ಚೀಲ, ನಮ್ಮದು 25 ಮಿ.ಮೀ. ವಜ್ರದಾಕಾರದ ಕಣ್ಣಿಂದು. ಕಣ್ಣು ಸ್ವಲ್ಪ ದೊಡ್ಡದು ಮಾಡಿದ್ರೆ ಸಾಕು ಅಂದ್ಕೊಂಡಿದ್ದೆ. ಆದ್ರೆ ವಜ್ರದ ಕಣ್ಣಿನ ತೊಂದ್ರೆ ಏನಂದ್ರೆ ಚೀಲ ಭಾರ ಆಗ್ತಿದ್ದಂಗೆ ಹಗ್ಗ ಉದ್ದಕ್ಕೆ ಎಳೆದು ಕಣ್ಣುಗಳೆಲ್ಲ ಮುಚ್ಕೊಂಡುಬಿಡ್ತವೆ, ಮೀನಿನ ರಾಶಿಗೆ ಸ್ವಲ್ಪ ಮುಂದೆ ಉಬ್ಬಿರೋ ಜಾಗದಲ್ಲಿ ನಾಲ್ಕಾರು ಸಾಲು ಮಾತ್ರ ತೆರೆದಿರುತ್ತೆ. ಅದೇ ಜಾಲನ್ನ 45 ಡಿಗ್ರಿ ತಿರುಗಿಸಿ ಚೌಕ ಕಣ್ಣು ಬರೋ ಹಾಗೆ ಕಟ್ಟಿದ್ರೆ ಎಳೆತ ಉದ್ದದ ದಾರಗಳ ಮೇಲೆ ಹೋಗುತ್ತೆ, ಕಣ್ಣು ತೆರೆದೇ ಇರುತ್ತೆ. ಒಂದು ಮಾತು, ಇದು ಗುಂಡು ಮೈಯ ಮೀನಿಗೆ ಸರಿ, ಚಪ್ಪಟೆ ಮೀನಿಗೆ ವಜ್ರದ ಕಣ್ಣೇ ಹೊರಗೆ ಹೋಗೋಕೆ ಅನುಕೂಲ.

ನಂಬಿಕೆ ಬರ್ಲಿಲ್ಲ ಹುಡುಗ್ರಿಗೆ. "ಅಣ್ಣಾ, ಮರಿ ಜೊತೆ ಸಿಗಡಿನೂ ಹೋಗುತ್ತೆ, ನೀವೇ ನೋಡಿ" ಅಂದ ಒಬ್ಬ. ನೋಡೇ ಬಿಡೋಣ ಅಂತ ಚೌಕ ಕಣ್ಣಿನ ಕಾಡ್ ಎಂಡ್ ಮೇಲೆ ಸಣ್ಣ ಕಣ್ಣಿನ ಇನ್ನೊಂದು ದೊಡ್ಡ ಚೀಲ ಹೊದಿಸಿದ್ವಿ, ಒಳಗಿಂದ ತಪ್ಪಿಸ್ಕೊಂಡಿದ್ದೆಲ್ಲ ಹೊರಚೀಲದಲ್ಲಿ ಸಿಗಬೇಕು. ಮೊದಲ ಮೂರು ಎಳೆತ ಹೊರಚೀಲದಲ್ಲಿ ಏನೂ ಇಲ್ಲ, ಹುಡುಗ್ರು ನಗಾಡಿದ್ರು, ನನಗೂ ಮುಖ ಸಣ್ಣದಾಯ್ತು. ಆಮೇಲೆ ಗೊತ್ತಾಯ್ತು, ಹೊರಚೀಲ ನೀರಿನ ಒತ್ತಡಕ್ಕೆ ಒಳಚೀಲಕ್ಕೆ ಅಂಟ್ಕೊಂಡು ಕಣ್ಣೆಲ್ಲ ಮುಚ್ಚಿಹೋಗ್ತಿದೆ ಅಂತ. ಪೈಪ್ ಬಗ್ಗಿಸಿ ಎರಡು ದೊಡ್ಡ ಬಳೆ ಮಾಡಿ ಹೊರಚೀಲಕ್ಕೆ ಕಟ್ಟಿ ಅಗಲವಾಗಿ ನಿಲ್ಲೋ ಹಾಗೆ ಮಾಡಿದ್ಮೇಲೆ ಶುರುವಾಯ್ತು ನೋಡಿ, ಹೊರಚೀಲದ ತುಂಬ ಮರಿ. (ಇಷ್ಟೊತ್ತಿಗೆ ಒಂದು ಒಪ್ಕೋಬೇಕು, ಅದಕ್ಕೆ ಮುಂಚೆ ನಾನೇ ಎಷ್ಟೋ ಸಲ ಕಾಡ್ ಎಂಡ್ ಒಳಗೆ ಸಣ್ಣ ಕಣ್ಣಿನ ಜಾಲು ಹೊಲಿದು ಹಾಕಿದ್ದೆ, ತಪಾಸಣೆಗೆ ಬಂದೋರು ಹೊರಗಿನ ಕಣ್ಣು ಅಳೆದು ಹೋಗ್ತಿದ್ರು.)

ಹಲಗೆ ಮೇಲೆ ಸ್ಕೇಲ್ ಅಂಟಿಸಿ ಒಳಗಿಂದು ಹೊರಗಿಂದು ಎರಡನ್ನೂ ಉದ್ದ ಅಳೆದು ಬರ್ಕೊಂಡ್ವಿ. ನೋಡಬೇಕಾಗಿದ್ದು ಒಂದೇ, ಯಾವ ಉದ್ದದಲ್ಲಿ ಅರ್ಧ ಮೀನು ಒಳಗೆ ಉಳಿದು ಅರ್ಧ ಹೊರಗೆ ಹೋಗುತ್ತೆ ಅಂತ. ಆ ಉದ್ದ ಮೀನು ಮೊದಲ ಸಲ ಮೊಟ್ಟೆ ಇಡೋ ಉದ್ದಕ್ಕೆ ಎಷ್ಟು ಹತ್ರ ಬರುತ್ತೋ ಅಷ್ಟು ಒಳ್ಳೇದು. 40 ಮಿ.ಮೀ. ಚೌಕ ಕಣ್ಣಲ್ಲಿ ಮೀನಿನ ಲೆಕ್ಕ ಚೆನ್ನಾಗಿತ್ತು, ಆದ್ರೆ ಮಾರೋ ಸೈಜಿನ ಸಿಗಡಿನೂ ಹೋಗ್ತಿತ್ತು, ಹುಡುಗ ಹೇಳಿದ್ದು ಸುಳ್ಳಲ್ಲ. ಕೊನೆಗೆ 35ಕ್ಕೆ ಇಳಿದು, ಅದ್ರ ಮುಂದಿನ ಭಾಗದಲ್ಲಿ ಮೇಲ್ಗಡೆ ದೊಡ್ಡ ಚೌಕ ಕಣ್ಣಿನ ಒಂದು ಕಿಟಕಿ ಇಟ್ಟೆ. ಸಿಗಡಿ ನೀರು ತಳ್ಳಿದ ಕಡೆ ಹೋಗುತ್ತೆ, ಮೀನು ನೀರಿಗೆ ಎದುರಾಗಿ ಈಜಿ ಮೇಲೆ ಹೋಗೋಕೆ ನೋಡುತ್ತೆ. ಆ ವ್ಯತ್ಯಾಸ ಒಂದರ ಮೇಲೇ ಕಿಟಕಿಯ ಆಟ ನಿಂತಿರೋದು.

ಬಲೆಗೆ ಸಿಕ್ಕ ಆಮೆ ಹೊರಗೆ ಹೋಗ್ಲಿ ಅಂತ ಗ್ರಿಡ್ ಹಾಕಿದ್ದು ಎರಡನೇ ವರ್ಷ. ಓರೆಯಾಗಿ ನಿಲ್ಲಿಸಿದ ಸರಳಿನ ಚೌಕಟ್ಟು, ಸಿಗಡಿ ಸಂದಿಲಿ ಹಿಂದಕ್ಕೆ ಹೋಗುತ್ತೆ, ದೊಡ್ಡದೆಲ್ಲ ಸರಳಿಗೆ ತಾಗಿ ಬಾಗಿಲಿಂದ ಆಚೆ. ಇದನ್ನ ಪರಿಸರದೋರು ಕಂಡುಹಿಡಿದ್ರು ಅಂತ ಬೋಟಿನೋರು ಬೈತಾರೆ, ಆದ್ರೆ ಅಮೆರಿಕದ ಜಾರ್ಜಿಯಾದಲ್ಲೂ ನಾರ್ವೆಲೂ ಇಂಥ ಗ್ರಿಡ್ ಮೊದಲು ಮಾಡಿದ್ದು ಮೀನುಗಾರರೇ, ಅದೂ ಬಲೆಗೆ ತುಂಬ್ಕೊಳ್ಳೋ ಜೆಲ್ಲಿಫಿಶ್ ಕಾಟ ತಡೀಲಾರದೆ. ಸರಳಿನ ಸಂದಿ ಆಮೆಗಾದ್ರೆ ನಾಲ್ಕು ಇಂಚು ಮೀರಬಾರದು. ನನಗೆ ತಲೆ ತಿಂದಿದ್ದು ಕೋನ. ತೀರಾ ನೆಟ್ಟಗೆ ನಿಂತ್ರೆ ಕಸ, ಕಡ್ಡಿ, ಆಮೆ ಎಲ್ಲ ಸರಳಿಗೆ ಒತ್ಕೊಂಡು ನಿಲ್ಲುತ್ತೆ, ತೀರಾ ಮಲಗಿದ್ರೆ ಸಿಗಡಿ ಬಾಗಿಲಿಂದ ಸೋರುತ್ತೆ. ದಡದಲ್ಲಿ ಅಳೆದು 50 ಡಿಗ್ರಿಗೆ ಕಟ್ಟಿದ್ದೆ, ಒಂದಷ್ಟು ದಿನ ಎಳೆದ್ಮೇಲೆ ಬಲೆ ಹಿಗ್ಗಿ ಕೋನ ಬದಲಾಗಿತ್ತು, ಸಿಗಡಿ ಯಾಕೆ ಕಮ್ಮಿ ಅಂತ ಹತ್ತು ದಿನ ಒದ್ದಾಡಿದೀನಿ. ಈಗ ಹೊಸ ಜಾಲು ಹಾಕಿದಾಗೆಲ್ಲ ವಾರಕ್ಕೊಂದ್ಸಲ ಕೋನ ಅಳೀತೀನಿ.

ಲಾಭ ನಷ್ಟ ಹೇಳ್ಬೇಕಂದ್ರೆ ಸಿಗಡಿ ಸ್ವಲ್ಪ ಕಮ್ಮಿ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ಎಸೆಯೋ ರಾಶಿ ಅರ್ಧಕ್ಕೂ ಕೆಳಗೆ ಬಂತು, ಆರಿಸೋ ಹೊತ್ತು ಉಳೀತು, ಚೀಲದಲ್ಲಿ ಜಜ್ಜಿಹೋಗೋ ಸಿಗಡಿ ಕಮ್ಮಿ ಆಯ್ತು. ಮೀನಿನ ಸೀಸನ್ನಲ್ಲಿ ನಮ್ಮ ಬಲೇಲಿ ಮೀನು ಜಾಸ್ತಿ ಆಯ್ತಾ ಅಂದ್ರೆ ಇಲ್ಲ. ಆಗೋದೂ ಇಲ್ಲ, ಒಂದು ಬೋಟು ಬಿಟ್ಟ ಮರಿನ ಪಕ್ಕದ ಬೋಟು ಬಾಚುತ್ತೆ. ಅದಕ್ಕೆ ಇದು ಎಲ್ಲರಿಗೂ ಒಂದೇ ನಿಯಮ ಆಗ್ದೆ ಕೆಲಸಕ್ಕೆ ಬರಲ್ಲ ಅನ್ನೋದು ನನ್ನ ಅಭಿಪ್ರಾಯ. ಎಸೆಯೋದನ್ನೇ ನಿಷೇಧ ಮಾಡೋ ದಾರಿನೂ ಇದೆ, ನಾರ್ವೆ 1987ರಲ್ಲೇ ಶುರು ಮಾಡ್ತು, ಯುರೋಪಿಯನ್ ಯೂನಿಯನ್ 2015ರಿಂದ 2019ರೊಳಗೆ ಹಂತ ಹಂತವಾಗಿ ತಂತು. ಕಾನೂನು ಬಂದ ಮಾತ್ರಕ್ಕೆ ನಡುಸಮುದ್ರದಲ್ಲಿ ಯಾರು ನೋಡ್ತಾರೆ ಅನ್ನೋದು ಬೇರೆ.

ತಪ್ಪಿಸ್ಕೊಂಡಿದ್ದೆಲ್ಲ ಬದುಕುತ್ತೆ ಅಂತಲೂ ಇಲ್ಲ, ಕಣ್ಣಿಂದ ನುಗ್ಗುವಾಗ ಹುರುಪೆ ಕಿತ್ತುಹೋಗಿರುತ್ತೆ. ಡೆಕ್ ವರೆಗೆ ಬಂದ ಮೀನಿನ ಕಥೆ ಇನ್ನೂ ಕಷ್ಟ, ಆಳದಿಂದ ಎತ್ತಿದಾಗ ಒಳಗಿನ ಗಾಳಿಚೀಲ ಉಬ್ಬಿ ಹೊಟ್ಟೆ ಬಾಯಿಗೆ ಬಂದಿರುತ್ತೆ, ಅದನ್ನ ವಾಪಸ್ ಬಿಟ್ಟೆ ಅನ್ನೋದು ಸಮಾಧಾನಕ್ಕೆ ಅಷ್ಟೇ. ಅದಕ್ಕೆ ಎಳೆತನೂ ಮೂರೂವರೆ ತಾಸಿಂದ ಎರಡಕ್ಕೆ ಇಳಿಸಿದೀನಿ.

ನನಗೆ ಇನ್ನೂ ದಾರಿ ಸಿಕ್ಕಿಲ್ಲದ್ದು ಸಣ್ಣ ತೊರಕೆ ಮೀನಿಗೆ (ಇಂಗ್ಲಿಷಲ್ಲಿ ರೇ ಅಂತಾರಲ್ಲ, ಆ ಚಪ್ಪಟೆ ಮೀನು). ಮರಿ ಹಾಕೋದೇ ಕೆಲವು, ಬಲಿಯೋಕೆ ವರ್ಷಗಟ್ಟಲೆ ಬೇಕು. ಇದ್ರ ನೆಂಟ ಕಾಮನ್ ಸ್ಕೇಟ್ ಐರಿಶ್ ಸಮುದ್ರದಲ್ಲಿ ಹೆಚ್ಚುಕಮ್ಮಿ ಇಲ್ಲವಾಗಿದೆ ಅಂತ 1981ರಲ್ಲಿ ವರದಿ ಆಯ್ತು, ಬೇರೆ ಮೀನಿಗೆ ಹಾಕಿದ ಬಲೇಲೇ ಸಿಕ್ಕಿ ಸಿಕ್ಕಿ. ದೊಡ್ಡ ತೊರಕೆ ಗ್ರಿಡ್‌ಗೆ ತಾಗಿ ಹೊರಗೆ ಹೋಗುತ್ತೆ, ಅಂಗೈ ಅಗಲದ್ದು ರೆಕ್ಕೆ ಮಡಚಿ ಸಂದಿಲಿ ನುಗ್ಗಿ ಒಳಗೇ ಬರುತ್ತೆ. ಸಂದಿ ಎರಡು ಇಂಚಿಗೆ ಇಳಿಸಿದ ಒಂದು ಗ್ರಿಡ್ ವೆಲ್ಡ್ ಮಾಡ್ಸಿ ಇಟ್ಟಿದೀನಿ, ಕಸ ಕಟ್ಟಿ ನಿಲ್ಲುತ್ತೆ ಅಂತ ಹುಡುಗ್ರ ವಾದ. ಮುಂದಿನ ಸೀಸನ್ ಮೊದಲ ವಾರ ಹಾಕಿ ನೋಡ್ತೀನಿ, ಹೊರಚೀಲ, ಬಳೆ ಎಲ್ಲ ಹೊಲಿಸಿ ಆಗಿದೆ.