ಲೋಷನ್ ಮಾಡೋವಾಗ ನಾನು ಪ್ರಿಸರ್ವೇಟಿವ್‌ನಿಂದ ಶುರು ಮಾಡೋದು ಯಾಕೆ

ಸ್ವಂತವಾಗಿ ಕ್ರೀಮು ಲೋಷನ್ನು ಮಾಡೋಕೆ ಹೊರಟೋರು ಮೊದಲು ಕೇಳೋದು ಯಾವ ಆಕ್ಟಿವ್ (ಚರ್ಮದ ಮೇಲೆ ಕೆಲಸ ಮಾಡೋ ಮುಖ್ಯ ಪದಾರ್ಥ) ಹಾಕ್ಲಿ ಅಂತ. ನಿಯಾಸಿನಮೈಡಾ, ವಿಟಮಿನ್ ಸಿ ನಾ, ಎಷ್ಟು ಪರ್ಸೆಂಟು ಅಂತ. ನಾನು ಫಾರ್ಮುಲಾ ಬರೆಯೋ ಕ್ರಮ ಬೇರೆ. ಮೊದಲು ಪಿಎಚ್ (ಆಸಿಡ್ಡಾ ಕ್ಷಾರನಾ ಅನ್ನೋ ಅಳತೆ) ಎಷ್ಟಿರ್ಬೇಕು, ಆಮೇಲೆ ಆ ಪಿಎಚ್‌ನಲ್ಲಿ ನಿಜವಾಗ್ಲೂ ಕೆಲಸ ಮಾಡೋ ಪ್ರಿಸರ್ವೇಟಿವ್ (ಸೂಕ್ಷ್ಮಜೀವಿ ಬೆಳೆಯದ ಹಾಗೆ ತಡೆಯೋದು) ಯಾವ್ದು, ಇವೆರಡು ಕೂತ ಮೇಲೇನೇ ಎಣ್ಣೆ, ನೀರು ಎಣ್ಣೆ ಎರಡನ್ನೂ ಸೇರಿಸಿ ಹಿಡಿಯೋ ಎಮಲ್ಸಿಫೈಯರ್, ಉಳಿದಿದ್ದೆಲ್ಲ. ನಾನು ದಿನಾ ಹಚ್ಕೊಳೋ ನಿಯಾಸಿನಮೈಡ್ ಲೋಷನ್ ಹೇಗೆ ಮಾಡ್ದೆ ಅಂತ ಬರೀತೀನಿ, ಈ ಕ್ರಮ ಯಾಕೆ ಅನ್ನೋದು ಅದ್ರಲ್ಲೇ ಗೊತ್ತಾಗತ್ತೆ.

ನಿಯಾಸಿನಮೈಡ್ ಅಂದ್ರೆ ವಿಟಮಿನ್ ಬಿ3ಯ ಅಮೈಡ್ ರೂಪ. ನೀರಲ್ಲಿ ಸಲೀಸಾಗಿ ಕರಗತ್ತೆ, ಬಿಸಿಗೂ ಅಷ್ಟಾಗಿ ಜಗ್ಗಲ್ಲ. ಆದ್ರೆ ತುಂಬಾ ಆಸಿಡ್ ಇರೋ ಕಡೆ ಅಥವಾ ತುಂಬಾ ಕ್ಷಾರ ಇರೋ ಕಡೆ ಅದರ ಅಮೈಡ್ ಬಂಧ ನೀರಿನ ಜೊತೆ ಸೇರಿ ನಿಧಾನಕ್ಕೆ ಒಡೆದು ನಿಕೋಟಿನಿಕ್ ಆಸಿಡ್ ಆಗತ್ತೆ, ಅದು ಚರ್ಮಕ್ಕೆ ತಾಗಿದ್ರೆ ಕೆಲವರಿಗೆ ಮುಖ ಕೆಂಪಾಗಿ ಬಿಸಿ ಬಿಸಿ ಅನ್ಸತ್ತೆ. ಹಾಗಾಗಿ ಪಿಎಚ್ 5ರಿಂದ 7ರ ಒಳಗೆ ಇಡ್ಬೇಕು. ಚರ್ಮದ ಮೇಲ್ಪದರ ತಾನೇ ಸುಮಾರು 5ರ ಆಸುಪಾಸಲ್ಲಿ ಇರತ್ತಲ್ಲ, ಅದನ್ನೂ ಲೆಕ್ಕಕ್ಕೆ ತಗೊಂಡು ನಾನು 5.5ರಿಂದ 6 ಅಂತ ಗುರಿ ಇಟ್ಕೊಂಡೆ.

ಈಗ ಪ್ರಿಸರ್ವೇಟಿವ್ ವಿಷ್ಯ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ನನ್ನ ಪ್ರಕಾರ ಲೋಷನ್ ಕೆಮಿಸ್ಟ್ರಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದೇ, ಜನ ಓದೋದೂ ಇದನ್ನೇ ಕಡಿಮೆ. ಸುಲಭಕ್ಕೆ ಸಿಗತ್ತೆ, ಹೆಸರು ಪರಿಚಯ ಇದೆ ಅಂತ ಎಷ್ಟೋ ಜನ ಸೋಡಿಯಂ ಬೆಂಜೋಯೇಟ್ ಹಾಕ್ತಾರೆ. ಒಳ್ಳೇ ಪ್ರಿಸರ್ವೇಟಿವ್ವೇ, ಅನುಮಾನ ಇಲ್ಲ. ಆದ್ರೆ ಸೂಕ್ಷ್ಮಜೀವಿಯನ್ನ ತಡೆಯೋದು ಬೆಂಜೋಯೇಟ್ ಅಯಾನ್ (ಚಾರ್ಜ್ ಇರೋ ಕಣ) ಅಲ್ಲ, ಅದು ಪ್ರೋಟಾನ್ ಹಿಡ್ಕೊಂಡು ಬೆಂಜೋಯಿಕ್ ಆಸಿಡ್ ಆದಾಗ ಸಿಗೋ ಚಾರ್ಜ್ ಇಲ್ಲದ ಅಣು. ಚಾರ್ಜ್ ಇಲ್ದೇ ಇರೋದ್ರಿಂದ ಅದು ಜೀವಕೋಶದ ಕೊಬ್ಬಿನ ಪೊರೆ ದಾಟಿ ಒಳಗೆ ಹೋಗತ್ತೆ, ಒಳಗಿನ ಪಿಎಚ್ ಹೆಚ್ಚು ಕಡಿಮೆ ನ್ಯೂಟ್ರಲ್ ಇರೋದ್ರಿಂದ ಅಲ್ಲಿ ಪ್ರೋಟಾನ್ ಬಿಡತ್ತೆ, ಕೋಶದ ಒಳಗಡೆ ಆಸಿಡ್ ಜಾಸ್ತಿಯಾಗಿ ಅದರ ಕೆಲಸಗಳು ಕೆಡ್ತಾವೆ. ಬೆಂಜೋಯಿಕ್ ಆಸಿಡ್‌ನ ಪಿಕೆಎ 4.2. ಅಂದ್ರೆ ಪಿಎಚ್ 4.2 ಇದ್ದಾಗ ಹಾಕಿದ್ದರಲ್ಲಿ ಅರ್ಧ ಕೆಲಸಕ್ಕೆ ಬರೋ ರೂಪದಲ್ಲಿರತ್ತೆ, 5.2ಕ್ಕೆ ಬಂದ್ರೆ ಸುಮಾರು 9 ಪರ್ಸೆಂಟು, 6.2ಕ್ಕೆ ಬಂದ್ರೆ ಬರೀ 1 ಪರ್ಸೆಂಟು. ನನ್ನ ಲೋಷನ್ ಪಿಎಚ್ 5.5ರಿಂದ 6, ಅಲ್ಲಿ ಬೆಂಜೋಯೇಟ್ ಹಾಕಿದ್ರೂ ಒಂದೇ ಹಾಕ್ದೇ ಇದ್ರೂ ಹೆಚ್ಚು ಕಡಿಮೆ ಒಂದೇ. ಲೇಬಲ್ ಮೇಲೆ ಪ್ರಿಸರ್ವೇಟಿವ್ ಹೆಸರು ಇರತ್ತೆ, ಬಾಟ್ಲಿ ಒಳಗೆ ರಕ್ಷಣೆ ಇರಲ್ಲ.

ಅದಕ್ಕೇ ನಾನು ಫಿನಾಕ್ಸಿಎಥನಾಲ್ ಮತ್ತೆ ಎಥೈಲ್‌ಹೆಕ್ಸೈಲ್‌ಗ್ಲಿಸರಿನ್ ಮಿಶ್ರಣ ಆರಿಸ್ಕೊಂಡೆ, 90ಕ್ಕೆ 10 ಅನುಪಾತದ್ದು, ಒಟ್ಟು 1 ಪರ್ಸೆಂಟು. ಫಿನಾಕ್ಸಿಎಥನಾಲ್ ಆಸಿಡ್ ಅಲ್ಲ, ಹಾಗಾಗಿ ಪಿಎಚ್ ಮೇಲೆ ಕೆಳಗೆ ಆದ್ರೂ ಅದಕ್ಕೇನೂ ಆಗಲ್ಲ. ಯುರೋಪಿನ ನಿಯಮದಲ್ಲಿ ಅದಕ್ಕೆ ಗರಿಷ್ಠ 1 ಪರ್ಸೆಂಟ್ ಮಿತಿ ಇದೆ, ಈ ಮಿಶ್ರಣದಲ್ಲಿ ನಾವು 0.9ರಲ್ಲಿ ನಿಲ್ತೀವಿ. ಬ್ಯಾಕ್ಟೀರಿಯಾ ಮೇಲೆ ಚೆನ್ನಾಗಿ ಕೆಲಸ ಮಾಡತ್ತೆ, ಈಸ್ಟು ಬೂಷ್ಟಿನ ಮೇಲೆ ಸ್ವಲ್ಪ ಬಲ ಕಮ್ಮಿ, ಅಲ್ಲಿ ಎಥೈಲ್‌ಹೆಕ್ಸೈಲ್‌ಗ್ಲಿಸರಿನ್ ಜೀವಕೋಶದ ಪೊರೆಯನ್ನ ಸಡಿಲ ಮಾಡಿ ಜೊತೆಗೆ ನಿಲ್ಲತ್ತೆ. ಇದ್ರ ಜೊತೆ ಲೋಹದ ಅಯಾನ್‌ಗಳನ್ನ ಹಿಡ್ಕೊಳೋ ಡೈಸೋಡಿಯಂ ಇಡಿಟಿಎ 0.1 ಪರ್ಸೆಂಟು. ಅಷ್ಟು ಚೂರು ಯಾಕೆ ಅನ್ಸ್ಬೋದು, ಆದ್ರೆ ಸ್ಯೂಡೊಮೊನಾಸ್ ತರದ ಗ್ರಾಮ್ ನೆಗೆಟಿವ್ (ಹೊರಗೆ ಇನ್ನೊಂದು ಪೊರೆ ಇರೋ) ಬ್ಯಾಕ್ಟೀರಿಯಾದ ಹೊರಪೊರೆಯನ್ನ ಗಟ್ಟಿಯಾಗಿ ಹಿಡಿದಿಟ್ಟಿರೋದು ಕ್ಯಾಲ್ಸಿಯಂ ಮೆಗ್ನೀಷಿಯಂ ಅಯಾನ್‌ಗಳು, ಇಡಿಟಿಎ ಅವನ್ನ ಕಿತ್ಕೊಂಡ್ರೆ ಪ್ರಿಸರ್ವೇಟಿವ್‌ಗೆ ಒಳಗೆ ಹೋಗೋ ದಾರಿ ಸಿಗತ್ತೆ. ಎಣ್ಣೆ ಮುಗ್ಗಲು ಹಿಡಿಯೋದನ್ನ ಬೇಗ ಮಾಡೋ ಕಬ್ಬಿಣ ತಾಮ್ರದ ಅಯಾನ್‌ಗಳನ್ನೂ ಅದೇ ಕಟ್ಟಿಹಾಕತ್ತೆ.

ಇನ್ನೊಂದು ವಿಷ್ಯ, ವಿಟಮಿನ್ ಇ ಪ್ರಿಸರ್ವೇಟಿವ್ ಅಲ್ಲ. ಅದು ಎಣ್ಣೆ ಆಕ್ಸಿಡೈಸ್ ಆಗೋದನ್ನ ತಡೆಯತ್ತೆ ಅಷ್ಟೇ, ಬ್ಯಾಕ್ಟೀರಿಯಾಗೆ ಅದ್ರಿಂದ ಏನೂ ಆಗಲ್ಲ. ನೀರೇ ಇಲ್ಲದ ಬಾಮ್‌ಗೆ ವಿಟಮಿನ್ ಇ ಒಂದೇ ಸಾಕಾಗ್ಬೋದು, ನೀರು ಇದ್ದ ಕಡೆ ಸಾಕಾಗೋದೇ ಇಲ್ಲ, ದಯವಿಟ್ಟು ಇದೊಂದು ನೆನಪಿಟ್ಕೊಳಿ.

ನನ್ನ ಫಾರ್ಮುಲಾ 100 ಗ್ರಾಂಗೆ ಹೀಗಿದೆ. ಡಿಸ್ಟಿಲ್ಡ್ ವಾಟರ್ 74.9, ಗ್ಲಿಸರಿನ್ 4, ನಿಯಾಸಿನಮೈಡ್ 4, ದಪ್ಪ ಮಾಡೋ ಕ್ಸಾಂಥನ್ ಗಮ್ 0.3, ಇಡಿಟಿಎ 0.1, ಇದಿಷ್ಟು ನೀರಿನ ಭಾಗ. ಎಣ್ಣೆ ಭಾಗದಲ್ಲಿ ಕ್ಯಾಪ್ರಿಲಿಕ್ ಕ್ಯಾಪ್ರಿಕ್ ಟ್ರೈಗ್ಲಿಸರೈಡ್ 6, ಸ್ಕ್ವಾಲೇನ್ 3, ಸೀಟಿಯರಿಲ್ ಆಲ್ಕೋಹಾಲ್ 2, ಗ್ಲಿಸರಿಲ್ ಸ್ಟಿಯರೇಟ್ ಮತ್ತೆ ಪೆಗ್ 100 ಸ್ಟಿಯರೇಟ್ ಸೇರಿರೋ ಎಮಲ್ಸಿಫೈಯರ್ 4.5, ವಿಟಮಿನ್ ಇ 0.2. ತಣ್ಣಗಾದ ಮೇಲೆ ಪ್ರಿಸರ್ವೇಟಿವ್ 1. ಪಿಎಚ್ ಇಳಿಸೋಕೆ ಲ್ಯಾಕ್ಟಿಕ್ ಆಸಿಡ್ ಹನಿ ಹನಿ, ಅದನ್ನ ನೀರಿನ ತೂಕದಲ್ಲೇ ಕಳೀತೀನಿ.

ಎಣ್ಣೆ ಭಾಗ ಒಟ್ಟು 16 ಪರ್ಸೆಂಟ್ ದಾಟದ ಹಾಗೆ ಇಟ್ಟಿದ್ದಕ್ಕೂ ಪ್ರಿಸರ್ವೇಟಿವ್ವೇ ಒಂದು ಕಾರಣ. ಸೂಕ್ಷ್ಮಜೀವಿ ಬೆಳೆಯೋದು ನೀರಲ್ಲಿ, ಫಿನಾಕ್ಸಿಎಥನಾಲ್ ಮಾತ್ರ ನೀರಿಗೂ ಎಣ್ಣೆಗೂ ಹಂಚಿಹೋಗತ್ತೆ, ಎಣ್ಣೆ ಜಾಸ್ತಿ ಆದಷ್ಟೂ ನೀರಲ್ಲಿ ಉಳಿಯೋದು ಕಮ್ಮಿ. ಎಮಲ್ಸಿಫೈಯರ್ ಅಣುಗಳು ಗುಂಪು ಕೂಡಿ ಆಗೋ ಮೈಸೆಲ್‌ಗಳೂ ಸ್ವಲ್ಪ ಹಿಡಿದಿಟ್ಕೊಳ್ತಾವೆ. ಪ್ಯಾಕೆಟ್ ಮೇಲೆ 1 ಪರ್ಸೆಂಟ್ ಅಂತ ಇದ್ರೂ ಕೆಲಸ ಮಾಡ್ಬೇಕಾದ ಜಾಗದಲ್ಲಿ ಎಷ್ಟಿದೆ ಅನ್ನೋದು ಬೇರೆ ಲೆಕ್ಕ.

ಎಮಲ್ಸಿಫೈಯರ್ ಆರಿಸೋಕೆ 1949ರಲ್ಲಿ ವಿಲಿಯಂ ಗ್ರಿಫಿನ್ ತಂದ ಎಚ್‌ಎಲ್‌ಬಿ ಅಳತೆ ಈಗ್ಲೂ ಉಪಯೋಗಕ್ಕೆ ಬರತ್ತೆ. ಸಂಖ್ಯೆ ಸಣ್ಣದಿದ್ರೆ ಎಣ್ಣೆ ಕಡೆ ಒಲವು, ದೊಡ್ಡದಿದ್ರೆ ನೀರಿನ ಕಡೆ. ನಾನು ಹಾಕಿದ್ದು 11ರ ಹತ್ರ, ನೀರಲ್ಲಿ ಎಣ್ಣೆ ಹನಿಗಳು ನಿಲ್ಲೋ ಲೋಷನ್‌ಗೆ ಸರಿಹೋಗತ್ತೆ. ಆಮೇಲೆ ಸೀಟಿಯರಿಲ್ ಆಲ್ಕೋಹಾಲ್ ಅಂದ ತಕ್ಷಣ ಚರ್ಮ ಒಣಗ್ಸೋ ಆಲ್ಕೋಹಾಲ್ ಅಂತ ಹೆದರೋರು ಇದ್ದಾರೆ, ಅದು 16 ಮತ್ತೆ 18 ಕಾರ್ಬನ್ ಉದ್ದದ ಮೇಣದಂಥ ಗಟ್ಟಿ ಪದಾರ್ಥ, ಎಥನಾಲ್‌ಗೂ ಅದಕ್ಕೂ ಗುಣದಲ್ಲಿ ಹೋಲಿಕೆನೇ ಇಲ್ಲ. ಎಮಲ್ಸಿಫೈಯರ್ ಜೊತೆ ಸೇರಿ ಅದು ನೀರನ್ನ ಪದರ ಪದರವಾಗಿ ಹಿಡಿದಿಟ್ಕೊಳ್ಳತ್ತೆ, ಲೋಷನ್‌ಗೆ ಮೈ ಬರೋದು ಅದ್ರಿಂದ. ಈ ಪದರಗಳು ಕೂತ್ಕೊಳೋಕೆ ಸಮಯ ಬೇಕು, ಅದಕ್ಕೆ ಮಾಡಿದ ತಕ್ಷಣ ತೆಳ್ಳಗಿದೆ ಅಂತ ಇನ್ನಷ್ಟು ಸುರಿಯೋಕೆ ಹೋಗ್ಬೇಡಿ, ಮಾರನೇ ದಿನ ನೋಡಿ.

ಮಾಡೋ ವಿಧಾನ ಕಷ್ಟ ಏನಿಲ್ಲ. ಕ್ಸಾಂಥನ್‌ನ ಮೊದಲು ಗ್ಲಿಸರಿನ್‌ನಲ್ಲಿ ಕಲಸಿ ಆಮೇಲೆ ನೀರಿಗೆ ಹಾಕಿದ್ರೆ ಗಂಟು ಕಟ್ಟಲ್ಲ, ಗ್ಲಿಸರಿನ್‌ನಲ್ಲಿ ಅದು ಉಬ್ಬಲ್ಲ. ನೀರಿನ ಭಾಗ ಎಣ್ಣೆ ಭಾಗ ಎರಡನ್ನೂ ಬೇರೆ ಬೇರೆ 70ರಿಂದ 75 ಡಿಗ್ರಿಗೆ ತರ್ತೀನಿ, ಒಂದು ಬಿಸಿ ಒಂದು ತಣ್ಣಗೆ ಇದ್ರೆ ಮೇಣದ ಭಾಗ ಸೇರೋ ಮುಂಚೆನೇ ಗಟ್ಟಿಯಾಗಿ ತರಿ ತರಿ ಆಗತ್ತೆ. ಬಿಸಿ ಮಾಡೋ ಮುಂಚೆ ನೀರಿನ ಬೀಕರ್ ತೂಕ ಬರ್ದಿಟ್ಕೊಂಡು, ಆವಿಯಾಗಿ ಹೋದಷ್ಟನ್ನ ಬಿಸಿನೀರಿಂದ ತುಂಬ್ಸಿ, ಆಮೇಲೆ ಎರಡೂ ಸೇರಿಸಿ ಸ್ಟಿಕ್ ಬ್ಲೆಂಡರ್ ಹಿಡೀತೀನಿ, ಗಾಳಿ ಎಳ್ಕೊಳ್ದೆ ಇರೋಕೆ ಅದರ ತಲೆ ಪೂರ್ತಿ ಮುಳುಗಿರ್ಬೇಕು. ಹನಿ ಎಷ್ಟು ಸಣ್ಣದಾಗತ್ತೋ ಅಷ್ಟು ಒಳ್ಳೇದು, ಹನಿ ಮೇಲಕ್ಕೆ ತೇಲೋ ವೇಗ ಅದರ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರತ್ತೆ, ತ್ರಿಜ್ಯ ಅರ್ಧ ಆದ್ರೆ ವೇಗ ಕಾಲು ಭಾಗ. ಕ್ಸಾಂಥನ್ ನೀರನ್ನ ದಪ್ಪ ಮಾಡೋದೂ ಅದೇ ವೇಗವನ್ನ ಇನ್ನಷ್ಟು ತಗ್ಗಿಸೋಕೆ. 40 ಡಿಗ್ರಿಗಿಂತ ಕೆಳಗೆ ಬಂದ ಮೇಲೆ ಪ್ರಿಸರ್ವೇಟಿವ್ ಹಾಕಿ ಚೆನ್ನಾಗಿ ಕಲಕ್ತೀನಿ.

ಪಿಎಚ್ ನೋಡೋಕೆ ಲೋಷನ್ ಒಂದು ಭಾಗ, ಡಿಸ್ಟಿಲ್ಡ್ ವಾಟರ್ ಒಂಬತ್ತು ಭಾಗ ಕಲಸಿ ಮೀಟರ್ ಇಡ್ತೀನಿ, ಮೀಟರ್‌ನ ಮೊದಲು ಪಿಎಚ್ 4 ಮತ್ತೆ 7 ಅಂತ ಗೊತ್ತಿರೋ ಬಫರ್ ದ್ರಾವಣದಲ್ಲಿ ಸರಿ ಮಾಡ್ಕೊಂಡು. ಒಂದು ಸಲ ನೋಡಿ ಬಿಡೋ ಹಾಗಿಲ್ಲ. ಮಾರನೇ ದಿನ, ವಾರ ಬಿಟ್ಟು, ತಿಂಗಳು ಬಿಟ್ಟು ನೋಡ್ತಾ ಇರ್ತೀನಿ, ಪಿಎಚ್ ಒಂದೇ ಕಡೆಗೆ ಜಾರ್ತಾ ಹೋಗ್ತಿದ್ರೆ ಒಳಗೆ ಏನೋ ಒಡೀತಿದೆ ಅಥವಾ ಏನೋ ಬೆಳೀತಿದೆ ಅಂತ ಅರ್ಥ. ಒಂದು ಸ್ಯಾಂಪಲ್ 40 ಡಿಗ್ರಿಯಲ್ಲಿ, ಇನ್ನೊಂದನ್ನ ಫ್ರೀಜರ್‌ಗೆ ಇಟ್ಟು ತೆಗೆದು ಇಟ್ಟು ತೆಗೆದು ಮಾಡಿದ್ರೆ ಎಮಲ್ಷನ್ ಗಟ್ಟಿತನ ಗೊತ್ತಾಗತ್ತೆ. ಪ್ರಿಸರ್ವೇಟಿವ್ ಗಟ್ಟಿತನ ಮಾತ್ರ ಮನೇಲಿ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಬೇರೆಯವರಿಗೆ ಕೊಡೋದು ಮಾರೋದು ಅಂದ್ರೆ ಲ್ಯಾಬಲ್ಲಿ ಚಾಲೆಂಜ್ ಟೆಸ್ಟ್ ಮಾಡಿಸ್ಲೇಬೇಕು, ಐಎಸ್ಒ 11930 ಪ್ರಕಾರ. ಅದ್ರಲ್ಲಿ ಸ್ಯೂಡೊಮೊನಾಸ್, ಸ್ಟೆಫಿಲೊಕಾಕಸ್, ಇ ಕೋಲೈ, ಕ್ಯಾಂಡಿಡಾ, ಆಸ್ಪರ್ಜಿಲಸ್ ಇವನ್ನೆಲ್ಲ ಬೇಕಂತಲೇ ಲೋಷನ್‌ಗೆ ಸೇರಿಸಿ 28 ದಿನದವರೆಗೆ ಎಷ್ಟು ಸಾಯ್ತಾವೆ ಅಂತ ಎಣಿಸ್ತಾರೆ. ಸನ್‌ಸ್ಕ್ರೀನ್ ಮಾತ್ರ ನಾನು ಮಾಡಲ್ಲ, ಜಿಂಕ್ ಆಕ್ಸೈಡ್ ಕಣಗಳು ಗುಂಪು ಕಟ್ಟಿದ್ರೆ ರಕ್ಷಣೆ ಎಲ್ಲಿದೆ ಎಲ್ಲಿಲ್ಲ ಅಂತ ಟೆಸ್ಟ್ ಮಾಡಿಸ್ದೆ ತಿಳಿಯೋಕೆ ದಾರಿನೇ ಇಲ್ಲ.

ಇದೇ ಬೇಸ್‌ನಿಂದ ಲ್ಯಾಕ್ಟಿಕ್ ಆಸಿಡ್ ಲೋಷನ್ ಬೇಕು ಅನ್ಸಿದಾಗ ಪೂರ್ತಿ ಲೆಕ್ಕ ತಿರುಗತ್ತೆ. ಅದರ ಪಿಕೆಎ 3.86, ಆಸಿಡ್ ಆಗಿ ಕೆಲಸ ಮಾಡ್ಬೇಕಂದ್ರೆ ಪಿಎಚ್ 4ರ ಹತ್ರ ಇಡ್ಬೇಕು, ಅಲ್ಲಿ ನಿಯಾಸಿನಮೈಡ್ ತೆಗೀತೀನಿ, ಮೊದಲು ಬೇಡ ಅಂದಿದ್ದ ಸೋಡಿಯಂ ಬೆಂಜೋಯೇಟನ್ನೇ, ಅದರ ತರದ್ದೇ ಪ್ರಿಸರ್ವೇಟಿವ್ ಆದ ಪೊಟ್ಯಾಷಿಯಂ ಸೋರ್ಬೇಟ್ ಜೊತೆ ತರ್ತೀನಿ, ಅಲ್ಲಿ ಅವು ಜೋರಾಗಿ ಕೆಲಸ ಮಾಡ್ತಾವೆ. ಕ್ಸಾಂಥನ್ ಹಾಗೇ ಉಳ್ಕೊಳತ್ತೆ, ದಪ್ಪ ಮಾಡೋಕೆ ಅದರ ಬದಲು ಕಾರ್ಬೋಮರ್ ಹಾಕಿದ್ದಿದ್ರೆ ಆ ಪಿಎಚ್‌ನಲ್ಲಿ ನೀರು ನೀರು ಆಗ್ತಿತ್ತು.