ಹಳೆ ಟಿವಿ ಸ್ಪೀಕರಿಗೆ ಅಗ್ಗದ ಆಂಪ್ಲಿಫೈಯರ್

ಆಂಪ್ಲಿಫೈಯರ್ ಮಾಡ್ತೀನಿ ಅಂದವರೆಲ್ಲ ಮೊದಲು ವ್ಯಾಟ್ ಲೆಕ್ಕ ಹಾಕುತ್ತಾರೆ. ನನ್ನನ್ನು ಕೇಳಿದರೆ ಮೊದಲು ಸ್ಪೀಕರ್ ಹುಡುಕಿ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಟಿವಿ ರಿಪೇರಿಯವರನ್ನು ವಿಚಾರಿಸಿ, ಹಳೆ ಡಬ್ಬಾ ಟಿವಿಯಿಂದ ಬಿಚ್ಚಿಟ್ಟ 8 ಓಮ್ಸ್ ಸ್ಪೀಕರ್ ಸಿಕ್ಕರೆ ಅದೇ ಸಾಕು. 1.5 ವೋಲ್ಟಿನ ಸೆಲ್ ಮುಟ್ಟಿಸಿದರೆ ಟಕ್ ಅನ್ನಬೇಕು. ಮನೆಯ ಟಿವಿಯನ್ನು ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬ್ ಶಾಕ್ ಹೊಡೆಯುತ್ತದೆ.

ಐಸಿ ಎಲ್‌ಎಂ386. ಸದ್ದು ದೊಡ್ಡದು ಮಾಡುವ ಪುಟ್ಟ ಚಿಪ್ ಇದು. ಬೆಲೆ ಒಂದು ಪ್ಲೇಟ್ ಮಿರ್ಚಿಯ ಆಸುಪಾಸು. ಕೊಡುವುದು ಸುಮಾರು ಅರ್ಧ ವ್ಯಾಟ್. ಮದುವೆಗೆ ಆಗಲ್ಲ, ಒಂದು ಕೋಣೆಗೆ ಸಾಕು. ಪಿಎಎಂ8403 ಅನ್ನೋ ಇನ್ನೊಂದು ಆಂಪ್ಲಿಫೈಯರ್ ಐಸಿಯ ರೆಡಿಮೇಡ್ ಬೋರ್ಡ್ ಇನ್ನೂ ಸಲೀಸು, ಆದರೆ ಅದರಲ್ಲಿ ಕಲಿಯೋಕೆ ಏನಿದೆ? ಕರೆಂಟಿಗೆ ಹಳೆ ರೂಟರಿನ 9 ವೋಲ್ಟ್ ಅಡಾಪ್ಟರ್ ನಡೆಯುತ್ತದೆ. ಪ್ಲಸ್ ಮೈನಸ್ ಯಾವುದು ಅಂತ ಮಲ್ಟಿಮೀಟರ್ ಹಿಡಿದು ನೋಡಿ. ಉಲ್ಟಾ ಕೊಟ್ಟರೆ ಐಸಿ ಸತ್ತ ಹಾಗೇ.

ಖಾಲಿ ಬೋರ್ಡಿಗೆ ಐಸಿ ಬದಲು 8 ಕಾಲಿನ ಸಾಕೆಟ್ ಬೆಸೆಯಿರಿ. ಐಸಿಯ ಕಚ್ಚು ಮೇಲೆ ಬರುವಂತೆ ಹಿಡಿದರೆ ಎಡಗಡೆ ಮೇಲಿನದು 1. ಅಲ್ಲಿಂದ ಕೆಳಗೆ 4ರವರೆಗೆ, ಬಲಗಡೆ ಕೆಳಗಿನಿಂದ ಮೇಲಕ್ಕೆ 5ರಿಂದ 8. ಕಾಲು 6ಕ್ಕೆ ಪ್ಲಸ್. 2 ಮತ್ತು 4 ಗ್ರೌಂಡಿಗೆ, ಅಂದರೆ ಅಡಾಪ್ಟರಿನ ಮೈನಸ್ಸಿಗೆ. 6ಕ್ಕೂ ಗ್ರೌಂಡಿಗೂ ನಡುವೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದರ ಪ್ಲಸ್ 6ರ ಕಡೆಗೆ.

10ಕೆ (10 ಸಾವಿರ ಓಮ್ಸ್) ವಾಲ್ಯೂಮ್ ಕಂಟ್ರೋಲಿನ ನಡುವಿನ ಕಾಲು 3ಕ್ಕೆ ಹೋಗಲಿ. ಒಂದು ತುದಿ ಗ್ರೌಂಡಿಗೆ, ಇನ್ನೊಂದಕ್ಕೆ ಮೊಬೈಲಿನ ಹೆಡ್‌ಫೋನ್ ವೈರಿನಿಂದ ಬರುವ ಹಾಡಿನ ಸಿಗ್ನಲ್. ಎಡ, ಬಲ ಎರಡೂ ತಂತಿಗಳನ್ನು ಸುಮ್ನೆ ತಿರುಚಿ ಸೇರಿಸಬೇಡಿ. ಒಂದೊಂದಕ್ಕೂ 1ಕೆ ರೆಸಿಸ್ಟರ್ ಹಾಕಿ ಕೂಡಿಸಿ. 5ರಿಂದ 220 ಮೈಕ್ರೋಫ್ಯಾರಡ್ ಕೆಪಾಸಿಟರ್ ದಾಟಿ ಸ್ಪೀಕರ್, ಸ್ಪೀಕರಿನ ಇನ್ನೊಂದು ತಂತಿ ಗ್ರೌಂಡಿಗೆ. ಇಲ್ಲೂ ಕೆಪಾಸಿಟರಿನ ಪ್ಲಸ್ ಐಸಿ ಕಡೆಗೇ. ಅದೇ 5ರಿಂದ 10 ಓಮ್ಸ್ ರೆಸಿಸ್ಟರ್, ಅದರ ಬೆನ್ನಿಗೆ 0.047 ಮೈಕ್ರೋಫ್ಯಾರಡ್, ನಂತರ ಗ್ರೌಂಡ್. ಇದನ್ನು ಬಿಟ್ಟರೆ ಕೆಲವೊಮ್ಮೆ ಕಿರ್ರ್ ಅನ್ನುತ್ತದೆ.

1 ಮತ್ತು 8 ಖಾಲಿ ಇರಲಿ. ಆಗ ಸಿಗ್ನಲ್ 20 ಪಟ್ಟು ಜಾಸ್ತಿಯಾಗುತ್ತದೆ. ನಡುವೆ 10 ಮೈಕ್ರೋಫ್ಯಾರಡ್ ಹಾಕಿದರೆ 200 ಪಟ್ಟು, ನಿಜ. ಆದರೆ ಮೊಬೈಲಿಗೆ ಅದು ಬೇಡ, ಬರೀ ಸುಯ್ ಸದ್ದು ಬೆಳೆಯುತ್ತದೆ.

ಐಸಿ ಕೂರಿಸುವ ಮುಂಚೆ ಸಾಕೆಟ್ಟಿನ 6ರಲ್ಲಿ 9 ವೋಲ್ಟ್ ಇದೆಯಾ ನೋಡಿ. ಸ್ವಿಚ್ ಆಫ್ ಮಾಡಿ ಐಸಿ ಕೂರಿಸಿ, ಮತ್ತೆ ಆನ್ ಮಾಡಿ 5ನ್ನು ಅಳೆಯಿರಿ. ಸುಮಾರು 4.5 ವೋಲ್ಟ್ ಇರಬೇಕು. ಇಲ್ಲದಿದ್ದರೆ ಮೊಬೈಲ್ ಜೋಡಿಸುವ ಮೊದಲು ಬೆಸುಗೆ ನೋಡಿ. ಗುಂಯ್ ಅಂದರೆ ಗ್ರೌಂಡ್ ತಂತಿಗಳನ್ನೆಲ್ಲ ಒಂದೇ ಕಡೆ ಸೇರಿಸಿ, ಸಿಗ್ನಲಿಗೆ ಶೀಲ್ಡ್ ವೈರ್ ಹಾಕಿ.

ಈಗ ಡಬ್ಬಿ. ಬಿಡಿ ಸ್ಪೀಕರಿನ ಹಿಂದಿನ ಸದ್ದು ಮುಂದಿನ ಸದ್ದನ್ನೇ ಅಳಿಸುತ್ತದೆ. ಅದಕ್ಕೇ ಬಾಸ್ ಇರಲ್ಲ. ನೀರು ತಣ್ಣಗಾಗದ ಹಳೆ ಮಣ್ಣಿನ ಗಡಿಗೆ ಮೂಲೆಯಲ್ಲಿ ಬಿದ್ದಿದ್ದರೆ ಅದರ ಬಾಯಿಗೆ ಸ್ಪೀಕರ್ ಕೂರಿಸಿ, ಸಂದು ಮುಚ್ಚಿ. ನಮ್ಮ ಕಡೆ ನೆಲವೆಲ್ಲ ಶಹಾಬಾದ್ ಕಲ್ಲು, ಗಡಿಗೆ ತಾಗಿ ಕಟಕಟ ಅನ್ನುತ್ತದೆ. ಕೆಳಗೆ ಬಟ್ಟೆಯ ಸಿಂಬಿ ಇಡಿ.

ಕರೆಂಟ್ ಹೋದಾಗ ಪವರ್ ಬ್ಯಾಂಕ್ ನೆಚ್ಚಬೇಡಿ. ಈ ಐಸಿ ಎಳೆಯುವುದು ತೀರಾ ಕಡಿಮೆ, ಹಾಗಾಗಿ ಎಷ್ಟೋ ಪವರ್ ಬ್ಯಾಂಕ್ ತಾನಾಗೇ ಆಫ್ ಆಗುತ್ತವೆ. ನಾಲ್ಕು ಪೆನ್ಸಿಲ್ ಸೆಲ್ ಸಾಲಾಗಿ ಜೋಡಿಸಿದರೆ 6 ವೋಲ್ಟ್. ಸದ್ದು ಸ್ವಲ್ಪ ಕಡಿಮೆ, ಆದರೆ ಹಾಡು ನಿಲ್ಲಲ್ಲ.